ಹೊಸ ಕಾರಿಗೆ ಪಿಪಿಎಫ್ ಹಾಕಿಸಬೇಕಾ? ತೆಗೆಯುವಾಗ ಬಣ್ಣ ಕಿತ್ತು ಬರುತ್ತಾ?

ನೀವು ಕೇಳಿದ್ದು ಇಷ್ಟು: ಹೊಸ ಕಾರು ಮನೆಗೆ ಬಂದು ಎರಡು ವಾರವಾಗಿದೆ. ಮಾರಿದವರು ಇಡೀ ಕಾರಿಗೆ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್, ಅಂದರೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್), ಹಾಕಿಸಿ ಎಂದು ಬೆನ್ನು ಬಿದ್ದಿದ್ದಾರೆ. ಗೆಳೆಯರು ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣದ ಮೇಲೆ ಬಳಿಯುವ ತೆಳು ಲೇಪ, ಸಾಕು ಅನ್ನುತ್ತಾರೆ. ನಿಮಗೋ ಮುಂದೊಂದು ದಿನ ಫಿಲ್ಮ್ ಕೀಳುವಾಗ ಬಣ್ಣವೂ ಎದ್ದು ಬಂದರೆ ಎಂಬ ಭಯ. ಆ ಭಯದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ಕಾರಿನಲ್ಲಿ ಹಾಗೇ ಆಗಿತ್ತು.

ನನ್ನದು ಒಬ್ಬರ ಕೈ ದಾಟಿ ಬಂದ ಕಾರು. ಕೊಂಡ ಹೊಸದರಲ್ಲಿ ಬಾನೆಟ್‌ಗೂ ಮುಂದಿನ ಬಂಪರ್‌ಗೂ ಫಿಲ್ಮ್ ಹಾಕಿಸಿದೆ. ಐದು ವರ್ಷ ಕಳೆಯುವಷ್ಟರಲ್ಲಿ ಅಂಚುಗಳು ಎದ್ದು, ಅದರಡಿ ಕೊಳೆ ಕೂತು, ಕಾಡಿಗೆ ಎಳೆದಂತೆ ಕಾಣತೊಡಗಿತು. ತೆಗೆಸಲು ಹೋದೆ. ಬಂಪರ್‌ನದು ಹಾವಿನ ಪೊರೆಯಂತೆ ಸಲೀಸಾಗಿ ಕಳಚಿತು. ಬಾನೆಟ್‌ನ ಬಲ ಮೂಲೆಗೆ ಬಂದಾಗ ಮಾತ್ರ ಅಂಗೈಯಗಲದ ಬಣ್ಣ ಫಿಲ್ಮ್‌ಗೆ ಅಂಟಿಕೊಂಡೇ ಮೇಲೆದ್ದಿತು. ಕೆಳಗೆ ಬೂದು ಪ್ರೈಮರ್. ಕೀಳುತ್ತಿದ್ದ ಹುಡುಗ ನನಗಿಂತ ಹೆಚ್ಚು ಬೆವರಿದ್ದ. "ಸಾರ್, ಇದು ಕಂಪನಿ ಪೇಂಟ್ ಅಲ್ಲ" ಅಂದ. ನಿಜವೇ. ಹಿಂದಿನ ಮಾಲೀಕರು ಎಲ್ಲೋ ಗುದ್ದಿಸಿಕೊಂಡು, ಆ ಮೂಲೆಗೆ ಪುಟ್ಟಿ ಮೆತ್ತಿಸಿ, ಬಣ್ಣ ಹೊಡೆಸಿ, ತುಟಿ ಪಿಟಕ್ಕೆನ್ನದೆ ಮಾರಿದ್ದರು.

ಕಾರ್ಖಾನೆಯಲ್ಲಿ ಕಾರಿನ ಲೋಹದ ಮೈಗೆ ಬಣ್ಣ ಹೊಡೆದಾಗ ಅದನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೇಯಿಸುತ್ತಾರೆ. ಆಗ ಒಳಗೆ ವೈರು, ರಬ್ಬರು, ಸೀಟು ಏನೂ ಇರುವುದಿಲ್ಲ, ಹಾಗಾಗಿ ಅಷ್ಟು ಕಾಯಿಸಬಹುದು. ಗ್ಯಾರೇಜಿನಲ್ಲಿ ತುಂಬಿದ ಕಾರನ್ನು ಹಾಗೆ ಕಾಯಿಸಲಾಗದು. ಬಣ್ಣ ಹೊಡೆದು ಕಾಯಿಸುವ ಮುಚ್ಚಿದ ಕೋಣೆ, ಅಂದರೆ ಒಳ್ಳೆಯ ಬೂತ್ ಇದ್ದರೂ 60 ಡಿಗ್ರಿಯ ಆಸುಪಾಸು, ಬೂತ್ ಇಲ್ಲದಿದ್ದರೆ ಬರಿ ಗಾಳಿಯಲ್ಲಿ ಒಣಗಬೇಕು. ಅದರ ಮೇಲೆ ಕೆಳಗಿನ ಮೈಯನ್ನು ಸರಿಯಾಗಿ ಉಜ್ಜಿ ತಯಾರು ಮಾಡದಿದ್ದರೆ ಬಣ್ಣದ ಹಿಡಿತ ಇನ್ನೂ ಸಡಿಲ. ಆದ್ದರಿಂದ ಫಿಲ್ಮ್‌ನ ಅಂಟಿಗಿಂತ ಬಣ್ಣದ ಹಿಡಿತ ಬಲವಾಗಿದೆಯೇ ಅನ್ನುವುದೇ ಪ್ರಶ್ನೆ. ಕಂಪನಿ ಬಣ್ಣವಾಗಿದ್ದರೆ, ಬಿಸಿ ಮಾಡಿ ನಿಧಾನವಾಗಿ ಕಿತ್ತರೆ, ಸಾಮಾನ್ಯವಾಗಿ ಬಣ್ಣವೇ ಗೆಲ್ಲುತ್ತದೆ.

ನಿಮ್ಮದು ಹೊಸ ಕಾರು, ಹಾಗಾಗಿ ಹೆಚ್ಚು ಹೆದರಬೇಕಿಲ್ಲ. ಆದರೆ ಹೊಸ ಕಾರೂ ಲಾರಿಯಲ್ಲಿ ಬರುವಾಗ, ಯಾರ್ಡಿನಲ್ಲಿ ನಿಂತಾಗ ತರಚಿಸಿಕೊಂಡು ಟಚಪ್ ಮಾಡಿಸಿಕೊಳ್ಳುವುದುಂಟು. ಫಿಲ್ಮ್ ಹಾಕುವವರ ಬಳಿ ಬಣ್ಣದ ದಪ್ಪ ಅಳೆಯುವ ಗೇಜ್ ಇರುತ್ತದೆ. ಕಂಪನಿ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಎಲ್ಲ ಕಡೆ 110, 120 ಎಂದು ತೋರಿಸುತ್ತಾ ಬಂದು ಒಂದು ಬಾಗಿಲಿನಲ್ಲಿ ಮಾತ್ರ 250 ತೋರಿಸಿದರೆ, ಅಲ್ಲಿ ಯಾರೋ ಕೈ ಆಡಿಸಿದ್ದಾರೆ ಎಂದೇ ಅರ್ಥ. ಈ ಗೇಜ್ ಲೋಹದ ಮೇಲಷ್ಟೇ ಕೆಲಸ ಮಾಡುವಂಥದ್ದು, ಪ್ಲಾಸ್ಟಿಕ್ ಬಂಪರ್ ಬಗ್ಗೆ ಏನೂ ಹೇಳುವುದಿಲ್ಲ. ಎಲ್ಲಾದರೂ ಹೊಸದಾಗಿ ಬಣ್ಣ ಹೊಡೆಸಿದ್ದರೆ ಕನಿಷ್ಠ ಒಂದು ತಿಂಗಳು ಬಿಟ್ಟು ಫಿಲ್ಮ್ ಹಾಕಿಸಿ. ಬಣ್ಣದೊಳಗಿನ ಸಾಲ್ವೆಂಟ್, ಅಂದರೆ ಅದನ್ನು ತೆಳುವಾಗಿಸುವ ದ್ರಾವಕ, ಆವಿಯಾಗಿ ಹೊರಹೋಗುವ ಮೊದಲೇ ಮುಚ್ಚಿದರೆ ಗುಳ್ಳೆ ಏಳುತ್ತದೆ.

ಈಗ ಸೆರಾಮಿಕ್ಕಾ, ಫಿಲ್ಮಾ ಅನ್ನುವುದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದೇ ತಪ್ಪು. ಸೆರಾಮಿಕ್ ಕೋಟಿಂಗ್‌ನ ದಪ್ಪ ಹೆಚ್ಚೆಂದರೆ ಒಂದೆರಡು ಮೈಕ್ರಾನ್. ತಲೆಗೂದಲೇ ಸುಮಾರು 70 ಮೈಕ್ರಾನ್ ಇರುವಾಗ, ಅದು ಹಾರಿ ಬರುವ ಕಲ್ಲನ್ನು ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಹೊಳಪು ಉಳಿಯುತ್ತದೆ. ಅದರ ಕೆಲಸ ಅಷ್ಟೇ, ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಪಿಪಿಎಫ್ ಪಾಲಿಯುರೆಥೇನ್ ಎಂಬ ಹಿಗ್ಗುವ ಪ್ಲಾಸ್ಟಿಕ್‌ನ ಹಾಳೆ, ದಪ್ಪ 150ರಿಂದ 200 ಮೈಕ್ರಾನ್, ಅಂದರೆ ನಿಮ್ಮ ಕಾರಿನ ಇಡೀ ಬಣ್ಣಕ್ಕಿಂತ ದಪ್ಪ. ಕಲ್ಲು ಬಿದ್ದಾಗ ರಬ್ಬರಿನಂತೆ ತಗ್ಗಿ ಪೆಟ್ಟನ್ನು ಹರಡಿಸಿ ಮತ್ತೆ ಮೇಲೇಳುತ್ತದೆ. ಇದರ ಹುಟ್ಟೂ ಅದಕ್ಕೇ ಆದದ್ದು: ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರ್ ರೆಕ್ಕೆಗಳ ಅಂಚನ್ನು ಮರಳು ಸವೆಸುತ್ತಿದ್ದಾಗ, ಅದಕ್ಕೆ ಸುತ್ತಲು ಇಂಥ ಟೇಪ್ ಬಳಕೆಗೆ ಬಂತು. ಅಲ್ಲಿಂದ ರೇಸ್ ಕಾರುಗಳಿಗೆ, ಆಮೇಲೆ ನಮ್ಮ ನಿಮ್ಮ ಕಾರುಗಳಿಗೆ. ಆದರೂ ಚೂಪಾದ ಕಲ್ಲು ವೇಗದಲ್ಲಿ ಬಡಿದರೆ ಫಿಲ್ಮ್ ಹರಿಯುತ್ತದೆ. ಇನ್ನು ತಗಡು ನೆಗ್ಗುವುದನ್ನು ಅದು ತಡೆಯುವುದೇ ಇಲ್ಲ.

ತಾನೇ ಮಾಯುತ್ತದೆ ಅನ್ನುವ ಮಾತನ್ನೂ ನಿಮ್ಮ ಕಿವಿಗೆ ಹಾಕಿರುತ್ತಾರೆ. ಅದು ಸುಳ್ಳಲ್ಲ. ಒಳ್ಳೆಯ ಫಿಲ್ಮ್‌ನ ಮೇಲ್ಪದರದಲ್ಲಿ ಬಟ್ಟೆಯಿಂದ ಒರೆಸಿದಾಗ ಏಳುವ ಜೇಡರಬಲೆಯಂಥ ಗೀರುಗಳು ಬಿಸಿಲಿಗೋ ಬಿಸಿನೀರಿಗೋ ಮಾಯವಾಗುತ್ತವೆ. ಯಾರೋ ಕೀಲಿಕೈಯಿಂದ ಗೀಚಿ ಸೀಳಿದ್ದು ಮಾಯುವುದಿಲ್ಲ. ಹಾಕಿಸುವ ಮೊದಲು ಒಂದು ತುಂಡು ಕೇಳಿ ಪಡೆಯಿರಿ. ಹಿತ್ತಾಳೆ ತಂತಿಯ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ ಬಿಸಿನೀರು ಹಾಕಿ ನೋಡಿ, ಆಮೇಲೆ ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ. ಪಾಲಿಯುರೆಥೇನ್ ಹಿಗ್ಗಿ ವಾಪಸ್ ಬರುತ್ತದೆ. ಕಡಿಮೆಗೆ ಸಿಗುವ ಪಿವಿಸಿ ಹಾಳೆ ಎಳೆದ ಆಕಾರದಲ್ಲೇ ಸೋತು ನಿಲ್ಲುತ್ತದೆ. ಬಿಸಿಲಿಗೆ ಬೇಗ ಹಳದಿಯಾಗಿ ಗಡಸಾಗುವುದೂ, ತೆಗೆಯುವಾಗ ಚೂರುಚೂರಾಗಿ ಪ್ರಾಣ ತಿನ್ನುವುದೂ ಅದೇ. ಪಾಲಿಯುರೆಥೇನ್‌ನಲ್ಲೂ ಎರಡು ಜಾತಿ ಇದೆ, ಅಲಿಫ್ಯಾಟಿಕ್ ಮತ್ತು ಆರೊಮ್ಯಾಟಿಕ್. ಎರಡನೆಯದು ಬಿಸಿಲಿಗೆ ಹಳದಿಗಟ್ಟುತ್ತದೆ. ಬಿಳಿ ಕಾರಾದರೆ ಇದನ್ನು ಕೇಳದೆ ಬಿಡಬೇಡಿ.

ಇಡೀ ಕಾರಿಗೆ ಹಾಕಿಸಬೇಕೇ? ನನ್ನ ಅಭಿಪ್ರಾಯದಲ್ಲಿ ಬಹುತೇಕರಿಗೆ ಬೇಡ. ಕಲ್ಲು ಬೀಳುವ ಜಾಗಗಳು ಗೊತ್ತಿರುವಂಥವೇ: ಮುಂದಿನ ಬಂಪರ್, ಬಾನೆಟ್, ಕನ್ನಡಿಗಳ ಬೆನ್ನು, ಚಕ್ರಗಳ ಹಿಂದೆ ಬಾಗಿಲ ಕೆಳಗಿನ ಪಟ್ಟಿ. ಉಗುರು ತಾಗುವ ಜಾಗ ಬಾಗಿಲ ಹಿಡಿಕೆಯ ಹಿಂದಿನ ಗುಳಿ, ಸಾಮಾನು ಎಳೆದಾಡುವ ಜಾಗ ಡಿಕ್ಕಿಯ ಅಂಚು. ರೂಫಿಗೆ, ಹಿಂದಿನ ಬಾಗಿಲುಗಳ ಮೇಲ್ಭಾಗಕ್ಕೆ ಕಲ್ಲು ಹಾರಿ ಬರುವುದು ಅಪರೂಪ. ಅಲ್ಲಿಗೆ ಬೇಕಿದ್ದರೆ ಕೋಟಿಂಗ್ ಹಾಕಿಸಿ, ಗೆಳೆಯರ ಮಾತೂ ಉಳಿಯುತ್ತದೆ. ಒಂದು ಮಾತ್ರ, ಬಾನೆಟ್‌ಗೆ ಹಾಕಿಸುವುದಾದರೆ ಪೂರ್ತಿ ಹಾಕಿಸಿ. ಮುಂದಿನ ಮೂರನೇ ಒಂದು ಭಾಗಕ್ಕಷ್ಟೇ ಹಾಕಿಸಿದರೆ ಅಡ್ಡಕ್ಕೆ ಒಂದು ಗೆರೆ ಉಳಿದು, ಅಲ್ಲಿ ಧೂಳು ಕೂತು, ದಿನಾ ಬೆಳಿಗ್ಗೆ ನಿಮ್ಮ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಬ್ರ್ಯಾಂಡ್ ಬಗ್ಗೆ ಜನ ಗಂಟೆಗಟ್ಟಲೆ ವಾದಿಸುತ್ತಾರೆ. ನಾನು ಫಿಲ್ಮ್‌ಗಿಂತ ಹಾಕುವವನ ಕೈ ನೋಡುತ್ತೇನೆ. ಅವರು ಹಿಂದೆ ಹಾಕಿದ, ಒಂದೆರಡು ವರ್ಷ ಓಡಿದ ಕಾರನ್ನು ತೋರಿಸಿ ಅನ್ನಿ, ನಿನ್ನೆ ಹಾಕಿದ್ದನ್ನಲ್ಲ. ಅಂಚುಗಳನ್ನು ಬೆರಳಲ್ಲಿ ಸವರಿ. ಬಾನೆಟ್ ಅಂಚಿನಲ್ಲಿ ಫಿಲ್ಮ್ ಒಳಕ್ಕೆ ಮಡಚಿಕೊಂಡಿದೆಯೇ, ಅಂಚಿಗಿಂತ ಈಚೆಗೇ ನಿಂತಿದೆಯೇ? ಕಾರಿನ ಮೇಲೇ ಹಾಳೆ ಹರಡಿ ಬ್ಲೇಡಿನಿಂದ ಕತ್ತರಿಸುತ್ತಾರೋ, ಪ್ಲಾಟರ್ ಎಂಬ ಕತ್ತರಿಸುವ ಯಂತ್ರದಲ್ಲಿ ಮೊದಲೇ ಅಳತೆಗೆ ಕತ್ತರಿಸಿ ತರುತ್ತಾರೋ ಕೇಳಿ. ಕೈ ನುರಿತಿದ್ದರೆ ಮೊದಲನೆಯದೂ ಚೆಂದವೇ, ಅಂಚು ಇನ್ನೂ ಚೆನ್ನಾಗಿ ಮುಚ್ಚುತ್ತದೆ. ಕೈ ತಪ್ಪಿದರೆ ಬ್ಲೇಡು ಬಣ್ಣದಲ್ಲೇ ಗೆರೆ ಕೊರೆಯುತ್ತದೆ, ಅದು ನಿಮಗೆ ಗೊತ್ತಾಗುವುದು ಫಿಲ್ಮ್ ತೆಗೆದ ದಿನ. ಕೆಲಸ ನಡೆಯುವ ಕೋಣೆಯನ್ನೂ ಇಣುಕಿ ನೋಡಿ. ಫ್ಯಾನ್ ತಿರುಗುತ್ತಾ ಪಕ್ಕದಲ್ಲೇ ಇನ್ನೊಂದು ಕಾರಿಗೆ ಪಾಲಿಶ್ ಹೊಡೆಯುತ್ತಿದ್ದರೆ ಆ ಧೂಳೆಲ್ಲ ನಿಮ್ಮ ಫಿಲ್ಮ್ ಅಡಿಗೆ ಬಂತೆಂದೇ ಲೆಕ್ಕ.

ಹಾಕುವ ಮೊದಲು ಕಾರನ್ನು ತೊಳೆದು, ಅಂಟಿದ ಕೊಳೆ ಎಳೆದು ತೆಗೆಯುವ ಜೇಡಿಯಂಥ ಕ್ಲೇ ಬಾರ್ ಉಜ್ಜಿ, ಇದ್ದ ಗೀರುಗಳನ್ನು ಪಾಲಿಶ್ ಮಾಡಿ ತೆಗೆಯಬೇಕು. ಆಮೇಲೆ ಸೋಪುನೀರು ಚಿಮುಕಿಸಿ ಹಾಳೆಯನ್ನು ತೇಲಿಸಿ ಕೂರಿಸಿ, ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿಯಿಂದ ನೀರು ಹೊರಗೆಳೆಯುತ್ತಾರೆ. ಕಾರು ಕೈಗೆ ಬಂದ ಮೊದಲ ದಿನಗಳಲ್ಲಿ ಅಲ್ಲಲ್ಲಿ ನೀರಿನ ಗುಳ್ಳೆ, ಮಂಜು ಮಂಜು ಕಂಡರೆ ಗಾಬರಿ ಬೇಡ, ಕೆಲವು ವಾರಗಳಲ್ಲಿ ಆರುತ್ತದೆ. ಸೂಜಿಯಿಂದ ಚುಚ್ಚಬೇಡಿ. ನಾನು ಒಂದನ್ನು ಚುಚ್ಚಿದ್ದೆ. ಗುಳ್ಳೆ ಹೋಯಿತು, ತೂತು ಉಳಿಯಿತು. ಮಧ್ಯದಲ್ಲಿ ಮರಳಿನ ಕಣದಂತೆ ಏನಾದರೂ ತಗಲಿದರೆ ಅದು ಆರುವಂಥದ್ದಲ್ಲ, ಅಂದೇ ತೋರಿಸಿ.

ನಂತರ ಒಂದು ವಾರ ತೊಳೆಯಬೇಡಿ. ಪ್ರೆಷರ್ ವಾಷರ್ ನಳಿಗೆಯನ್ನು ಅಂಚಿನ ಹತ್ತಿರ ಎಂದೂ ಒಯ್ಯಬೇಡಿ. ನನ್ನ ಅಂಚುಗಳು ಎದ್ದದ್ದಕ್ಕೆ ಅರ್ಧ ಕಾರಣ ಅದೇ ಇರಬೇಕು. ಹಕ್ಕಿ ಹಿಕ್ಕೆ, ಮರದ ಅಂಟು, ಸತ್ತ ಹುಳುಗಳು ಫಿಲ್ಮ್ ಮೇಲೂ ಕಲೆ ಮಾಡುತ್ತವೆ. ಫಿಲ್ಮ್ ಇದೆಯಲ್ಲ ಎಂದು ವಾರಗಟ್ಟಲೆ ಬಿಡಬೇಡಿ, ಒದ್ದೆ ಬಟ್ಟೆ ಹಾಕಿ ನೆನೆಸಿ ತೆಗೆಯಿರಿ. ವಾರಂಟಿ ಕಾಗದವನ್ನು ಪೂರ್ತಿ ಓದಿ: ಸಾಮಾನ್ಯವಾಗಿ ಹಳದಿಯಾಗುವುದು, ಬಿರುಕು, ಅಂಟು ಬಿಡುವುದು ಅದರಲ್ಲಿ ಸೇರಿರುತ್ತವೆ, ಕಲ್ಲು ಬಿದ್ದು ಹರಿದದ್ದು ಸೇರಿರುವುದಿಲ್ಲ.

ತೆಗೆಸುವ ಕಾಲ ಬಂದಾಗ ವಾರಂಟಿ ಮುಗಿದು ಮತ್ತೂ ನಾಲ್ಕು ವರ್ಷ ಕಾಯಬೇಡಿ, ಹಳತಾದಷ್ಟೂ ಅಂಟು ಗಟ್ಟಿಯಾಗುತ್ತದೆ. ಫಿಲ್ಮ್ ಬೆಚ್ಚಗೆ ಮಾಡಿ, ಮೇಲಕ್ಕೆ ಜಗ್ಗದೆ, ಮೈಗೆ ಒತ್ತಿಕೊಂಡಂತೆ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಬೇಕು.

ಇಷ್ಟೆಲ್ಲ ಆದ ಮೇಲೆ ನೀನು ಮತ್ತೆ ಹಾಕಿಸಿದೆಯಾ ಎಂದು ಕೇಳುವಿರೇನೋ. ಬಂಪರ್‌ಗೆ, ಕನ್ನಡಿಗಳಿಗೆ ಹಾಕಿಸಿದ್ದೇನೆ. ಬಾನೆಟ್ ಮೂಲೆಗೆ ಮತ್ತೆ ಬಣ್ಣ ಹೊಡೆಸಿದ್ದರಿಂದ ಅದಕ್ಕೆ ಫಿಲ್ಮ್ ಹಾಕಿಸುವ ಧೈರ್ಯ ಬರಲಿಲ್ಲ. ಅದರ ಮೇಲೆ ಈಗ ಎಳ್ಳು ಉದುರಿಸಿದ ಹಾಗೆ ಏಳೆಂಟು ಕಲ್ಲೇಟಿನ ಚುಕ್ಕೆಗಳಿವೆ.