ಕವರಿನ ಹಿಂದೆ ಒಂದು ಶೂ

ಈ ಪರದೇಶಕ್ಕೆ ಬಂದು ಮೂರು ತಿಂಗಳಾಯಿತು, ಕೆಲಸ ಇನ್ನೂ ಪ್ರೊಬೇಷನ್‌ನಲ್ಲಿದೆ, ವೀಸಾ ಅರ್ಜಿಗೆ ಉತ್ತರ ಬಂದಿಲ್ಲ, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ ಎಂದು ಬರೆದಿದ್ದೀಯ. "ಅಕ್ಕಾ, ಈ ಹೆದರಿಕೆ ಯಾವಾಗ ಹೋಗುತ್ತೆ? ನೀವು ದಿನಾ ಚಿತ್ರ ಬಿಡಿಸ್ತೀರಂತೆ, ಅದರಿಂದ ಏನಾದ್ರೂ ಉಪಯೋಗ ಇದೆಯಾ, ಇಲ್ಲಾ ಸುಮ್ನೆ ಟೈಂಪಾಸಾ?" ಎಂದೂ ಕೇಳಿದ್ದೀಯ. ಅಕ್ಕ ಅಂದಿದ್ದೀಯಲ್ಲ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ಚಿತ್ರ ಬಿಡಿಸಿದರೆ ವೀಸಾ ಬೇಗ ಬರುವುದಿಲ್ಲ. ಹೆದರಿಕೆಯೂ ಪೂರ್ತಿ ಹೋಗುವುದಿಲ್ಲ. ನಾನು ಬಂದು 14 ವರ್ಷವಾಯಿತು. ಈಗಲೂ ಕಚೇರಿಯ ಕವರ್ ಬಂದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ನಾನು ಚಿತ್ರ ಶುರು ಮಾಡಿದ್ದೂ ಅಂಥದ್ದೇ ಒಂದು ಕವರಿನ ಮೇಲೆ. ಮೊದಲ ವರ್ಷ, ನನ್ನ ಅರ್ಜಿಯಲ್ಲಿ ಒಂದು ಕಾಗದ ಕಮ್ಮಿ ಇದೆ ಎಂದು ಪತ್ರ ಬಂತು. ನಾನು ಕಳಿಸಿದ್ದೆ. ಫೋನ್ ಮಾಡಿದರೆ ಕಾಯಿರಿ ಎಂಬ ಒಂದೇ ಮಾತು. ಆ ರಾತ್ರಿ ಅದೇ ಪತ್ರವನ್ನು ಎಷ್ಟು ಸಲ ಓದಿದೆನೋ. ಕೊನೆಗೆ ಕವರ್ ತಿರುಗಿಸಿ, ಕೈಗೆ ಸಿಕ್ಕ ಬಾಲ್‌ಪೆನ್ನಿನಲ್ಲಿ, ಬಾಗಿಲ ಹತ್ತಿರ ಬಿಟ್ಟಿದ್ದ ನನ್ನ ಎಡಗಾಲಿನ ಶೂ ಬಿಡಿಸಲು ಕೂತೆ. ಶೂ ಯಾಕೆ ಅಂದರೆ, ಕಣ್ಣೆದುರಿಗೆ ಇದ್ದದ್ದು ಅದೇ. ಆ ಬಾಡಿಗೆ ಕೋಣೆಯಲ್ಲಿ ಬೇರೆ ಏನಿತ್ತು!

ಶೂ ಬಿಡಿಸಬಹುದು, ಲೇಸ್ ಕಷ್ಟ. ಯಾವ ಎಳೆ ಮೇಲೆ ಬರುತ್ತದೆ, ಯಾವುದು ಅಡಿಯಲ್ಲಿ ನುಸುಳಿ ತೂತಿನೊಳಗೆ ಹೋಗುತ್ತದೆ, ಗಂಟು ಬಿಗಿದಲ್ಲಿ ಎರಡೂ ಎಲ್ಲಿ ಮಾಯವಾಗುತ್ತವೆ ಎಂದು ಬಿಡದೆ ನೋಡುತ್ತಿರಬೇಕು. ಮನಸ್ಸು ಒಂದು ಗಳಿಗೆ ಪತ್ರದ ಕಡೆ ಜಾರಿದರೂ ಎಳೆ ತಪ್ಪುತ್ತದೆ. ಹತ್ತು ನಿಮಿಷ ಹಿಡಿಯಿತು. ಮುಗಿದಾಗ ಶೂ ಹೋಗಿ ದೋಣಿಯಾಗಿತ್ತು. ಆದರೆ ಆ ಹತ್ತು ನಿಮಿಷ ನಾನು ಯಾವುದಕ್ಕೂ ಕಾಯುತ್ತಿರಲಿಲ್ಲ. ಇದು ಗೊತ್ತಾಗಿದ್ದು ಪೆನ್ ಕೆಳಗಿಟ್ಟ ಮೇಲೆ.

ನಮ್ಮನ್ನು ತಿನ್ನುವುದು ಕಾಯುವುದೇ ಅಲ್ವಾ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. 45 ಜನರಿಗೆ ಕಂಪ್ಯೂಟರಿನಲ್ಲಿ ಒಂದು ಆಟ ಆಡಿಸಿದರು. ಕಲ್ಲಿನ ಅಡಿಯಲ್ಲಿ ಹಾವು ಇದೆಯೋ ಇಲ್ಲವೋ ಊಹಿಸಬೇಕು, ಇದ್ದರೆ ಕೈಗೆ ಶಾಕ್. ಶಾಕ್ ಹೊಡೆದೇ ಹೊಡೆಯುತ್ತದೆ ಎಂದು ಗೊತ್ತಿದ್ದಾಗ ಇದ್ದ ಒತ್ತಡಕ್ಕಿಂತ, ಹೊಡೆಯುವ ಸಂಭವ ಅರ್ಧಕ್ಕರ್ಧ ಎಂದಾಗ ಒತ್ತಡ ಜಾಸ್ತಿ. ಬಾಯಿಮಾತಿನಲ್ಲಿ ಮಾತ್ರ ಅಲ್ಲ, ಬೆವರು ಮತ್ತು ಕಣ್ಣಿನ ಪಾಪೆ ಅಳೆದು ನೋಡಿದಾಗಲೂ ಹಾಗೇ. ನಿನ್ನ ಅರ್ಜಿ ಈಗ ಆ ಕಲ್ಲಿನ ಅಡಿಯಲ್ಲಿದೆ. ನೀನು ಪುಕ್ಕಲಿ ಎಂದುಕೊಳ್ಳಬೇಡ.

ನನ್ನ ಲೆಕ್ಕ ಇಷ್ಟೇ. ಬೇರೆ ಎಲ್ಲದರ ಉತ್ತರ ಇನ್ನೊಬ್ಬರ ಮೇಜಿನ ಮೇಲಿದೆ. ದಿನಕ್ಕೆ ಒಂದಾದರೂ ನಾನೇ ಶುರು ಮಾಡಿ ನಾನೇ ಮುಗಿಸುವ ಕೆಲಸ ಬೇಕು. ಅದು ಚೆನ್ನಾಗಿ ಬರಬೇಕಂತೇನಿಲ್ಲ.

"ನನಗೆ ಗೆರೆ ಎಳೆಯೋಕೂ ಬರಲ್ಲ" ಅಂದಿದ್ದೀಯ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ಜನರಿಗೆ 45 ನಿಮಿಷ ಬಣ್ಣ, ಜೇಡಿಮಣ್ಣು, ಕಾಗದ ಕೊಟ್ಟು ಕೂರಿಸಿದ್ದರು. ಸುಮಾರು ಮುಕ್ಕಾಲು ಭಾಗ ಜನರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಿತ್ತು. ಮೊದಲೇ ಕಲಿತವರಿಗೂ ಕಲಿಯದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸಣ್ಣ ಪ್ರಯೋಗ, ಹೋಲಿಸಲು ಬೇರೆ ಗುಂಪೂ ಇರಲಿಲ್ಲ, ಹಾಗಾಗಿ ಇದನ್ನೇ ವೇದವಾಕ್ಯ ಮಾಡಿಕೊಳ್ಳಬೇಡ.

ಚಿತ್ರವೇ ಆಗಬೇಕಂತಿಲ್ಲ. ಹೆಣಿಗೆ, ಹಾಡು, ನಾಲ್ಕು ಸಾಲಿನ ಪದ್ಯ, ಯಾವುದಾದರೂ ಸರಿ. ಹೆದರಿಕೆಯನ್ನೇ ಡೈರಿಯಲ್ಲಿ ಬರೆಯುವುದಾದರೆ ಮಾತ್ರ ಸ್ವಲ್ಪ ಹುಷಾರು. 1986ರಲ್ಲಿ ಪೆನೆಬೇಕರ್ ಮತ್ತು ಬೀಲ್ ಎಂಬವರು ಕಾಲೇಜು ವಿದ್ಯಾರ್ಥಿಗಳಿಗೆ ತಮ್ಮ ಜೀವನದ ದೊಡ್ಡ ನೋವಿನ ಬಗ್ಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದ್ದರು. ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋಗಿದ್ದು ಕಮ್ಮಿ. ಆದರೆ ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕೆಟ್ಟಿತ್ತು. ಅದಕ್ಕೇ ಹೇಳಿದ್ದು, ಮಲಗುವ ಮುಂಚೆ ಅದನ್ನು ಕೆದಕಬೇಡ.

ನನಗೆ ಹೊಂದಿದ ಹೊತ್ತು ಬೆಳಿಗ್ಗೆ, ಮೇಲ್ ತೆರೆಯುವ ಮುಂಚೆ. ಮೇಲ್ ನೋಡಿದ ಮೇಲೆ ಪೆನ್ ಹಿಡಿಯುವ ಮನಸ್ಸೇ ಇರುವುದಿಲ್ಲ. ನಡುವೆ ಒಂದು ತಪ್ಪನ್ನೂ ಮಾಡಿದ್ದೆ. ಚಿತ್ರಗಳನ್ನು ನೆಟ್‌ಗೆ ಹಾಕಲು ಶುರು ಮಾಡಿದೆ. ಎರಡೇ ವಾರಕ್ಕೆ ಲೈಕ್ ಎಣಿಸುತ್ತಾ ಕೂತಿದ್ದೆ. ಕಾಯುವುದಕ್ಕೆ ಇನ್ನೊಂದು ಸೇರಿಕೊಂಡಿತು, ನೋಡು! ನಿಲ್ಲಿಸಿದೆ. ಮಧ್ಯೆ ಹತ್ತು ದಿನ ತಪ್ಪಿದ್ದೂ ಉಂಟು, ಹನ್ನೊಂದನೆಯ ದಿನ ಮತ್ತೆ ಶೂ ಮುಂದೆ ಕೂತೆ, ಅಷ್ಟೇ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಅಂತಾದರೆ ಡಾಕ್ಟರನ್ನು ನೋಡು. ಅದಕ್ಕೆಲ್ಲ ಪೆನ್ ಸಾಲದು.

ನನ್ನ ಆ ಕಾಗದದ ಕಥೆ ಏನಾಯಿತು ಅಂದರೆ, ಏಳು ತಿಂಗಳಾದ ಮೇಲೆ ಅವರ ಫೈಲಿನಲ್ಲೇ ಸಿಕ್ಕಿತು. ಹಾಗಂತ ತಿಳಿಸಿದ ಕವರಿನ ಹಿಂದೆಯೂ ಒಂದು ಶೂ ಇದೆ. ಅಷ್ಟು ಹೊತ್ತಿಗೆ ಅದರ ಹಿಮ್ಮಡಿ ಸವೆದು ಒಂದು ಕಡೆ ವಾಲಿತ್ತು. ಆ ವಾಲುವಿಕೆ ಚಿತ್ರದಲ್ಲಿ ಸರಿಯಾಗಿ ಬಂದಿದೆ. ಲೇಸ್ ಮಾತ್ರ ಆವತ್ತೂ ತಪ್ಪಿತು.