ವಕೀಲರಿಗೇ ಶಿಕ್ಷೆಯಾದರೆ ಕರಿಕೋಟು ಉಳಿಯುತ್ತದಾ?

ಪ್ರಶ್ನೆ: ನಮ್ಮ ಅಡಿಕೆ ತೋಟದ ಪಾಲಿನ ಕೇಸು ಸಾಗರದ ಕೋರ್ಟಿನಲ್ಲಿದೆ. ನಮ್ಮ ವಕೀಲರಿಗೆ ಬೇರೆ ಯಾವುದೋ ಜಮೀನಿಗೆ ನಕಲಿ ಕಾಗದ ಮಾಡಿದ್ದಕ್ಕೆ ಶಿಕ್ಷೆಯಾಗಿದೆ. ಅಪೀಲು ಹಾಕಿ, ಜಾಮೀನು ಪಡೆದು ಎಂದಿನಂತೆ ಕೋರ್ಟಿಗೆ ಬರುತ್ತಿದ್ದಾರೆ. ಆ ವಕೀಲರಿಗೆ ತಮ್ಮ ಪಕ್ಕದ ತೋಟದವರ ಜೊತೆ ಬೇಲಿ ಜಗಳವೂ ಇದೆ. ಕೇಳಿದರೆ ‘ಅದೆಲ್ಲ ನನ್ನ ಸ್ವಂತ ವಿಷಯ’ ಅನ್ನುತ್ತಾರೆ. ನಾವು ದೂರು ಕೊಡಬಹುದೇ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಕೊಡಬಹುದು. ‘ಸ್ವಂತ ವಿಷಯ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ವೃತ್ತಿಯ ತಪ್ಪನ್ನಷ್ಟೇ ಅಲ್ಲ, ‘ಇತರ ದುರ್ನಡತೆ’ಯನ್ನೂ ಹೇಳುತ್ತದೆ. ನಕಲಿ ಕಾಗದ ಮಾಡುವುದು ಸಣ್ಣ ತಪ್ಪಲ್ಲ. ನಾಳೆ ನಿಮ್ಮ ಪಹಣಿ, ಪಾಲುಪಟ್ಟಿ ಅವರ ಕೈಯಲ್ಲೇ ತಾನೇ ಇರುವುದು?

ಆದರೆ ಶಿಕ್ಷೆಯಾದ ತಕ್ಷಣ ಸನದು (ವಕೀಲಿ ಮಾಡುವ ಪರವಾನಗಿ) ತಾನಾಗಿಯೇ ರದ್ದಾಗುವುದಿಲ್ಲ. ನೈತಿಕ ಅಧಃಪತನದ, ಅಂದರೆ ನಕಲಿ, ಮೋಸದಂಥ ನೀತಿಗೆಟ್ಟ, ಅಪರಾಧದಲ್ಲಿ ಶಿಕ್ಷೆಯಾದವರು ಹೊಸದಾಗಿ ವಕೀಲರಾಗಿ ನೋಂದಾಯಿಸುವಂತಿಲ್ಲ ಎನ್ನುತ್ತದೆ 24ಎ ಸೆಕ್ಷನ್. ಬಿಡುಗಡೆಯಾಗಿ ಎರಡು ವರ್ಷ ಕಳೆದರೆ ಆ ಅಡ್ಡಿಯೂ ಹೋಗುತ್ತದೆ (ನನ್ನನ್ನು ಕೇಳಿದರೆ ತೀರಾ ಕಡಿಮೆ). ಈಗಾಗಲೇ ನೋಂದಾಯಿಸಿದವರ ಬಗ್ಗೆ ಆ ಸೆಕ್ಷನ್ ಏನೂ ಹೇಳಿರಲಿಲ್ಲ. ಉತ್ತರ ಪ್ರದೇಶದ ವಕೀಲರೊಬ್ಬರು ನ್ಯಾಯಾಧೀಶರಿಗೇ ಬೆದರಿಕೆ ಹಾಕಿದ ನ್ಯಾಯಾಂಗ ನಿಂದನೆ ಪ್ರಕರಣದಲ್ಲಿ, 2016ರಲ್ಲಿ, ಸುಪ್ರೀಂ ಕೋರ್ಟ್ ಆ ಸೆಕ್ಷನ್ನನ್ನು ಈಗಾಗಲೇ ನೋಂದಾಯಿಸಿದವರಿಗೂ ಅನ್ವಯಿಸಿತು. ಆ ವಕೀಲರಿಗೆ ಎರಡು ವರ್ಷ ಸನದು ಅಮಾನತು, ಅದರ ಮೇಲೆ ಶಿಸ್ತು ಕ್ರಮವಾಗಿ ಇನ್ನೂ ಐದು ವರ್ಷ.

‘ಅಪೀಲು ಹಾಕಿದ್ದೇನಲ್ಲ’ ಎಂದು ಅವರು ಹೇಳಬಹುದು. ಜಾಮೀನು ಸಿಕ್ಕಿದೆ ಎಂದರೆ ಜೈಲು ತಪ್ಪಿದೆ, ಅಷ್ಟೇ. ಮೇಲಿನ ಕೋರ್ಟು ತಪ್ಪಿತಸ್ಥ ಎಂಬ ತೀರ್ಮಾನಕ್ಕೇ ತಡೆ ಕೊಡದಿದ್ದರೆ ಆ ತೀರ್ಪು ಹಾಗೇ ನಿಂತಿರುತ್ತದೆ.

ದೂರು ಹೋಗಬೇಕಾದದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ (ಬಾರ್ ಕೌನ್ಸಿಲ್). ನಿಮ್ಮೂರಿನ ವಕೀಲರ ಸಂಘಕ್ಕೆ ಸನದಿನ ಮೇಲೆ ಅಧಿಕಾರವಿಲ್ಲ. ಗ್ರಾಹಕರ ಕೋರ್ಟಿಗೆ ಹೋಗಿಯೂ ಪ್ರಯೋಜನವಿಲ್ಲ, 2024ರಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿದೆ. ದೂರು ಕನ್ನಡದಲ್ಲೇ ಇರಬಹುದು. ಸಹಿ, ಸತ್ಯಾಪನೆ (ಬರೆದದ್ದು ನಿಜ ಎಂಬ ಘೋಷಣೆ), ನಿಗದಿತ ಶುಲ್ಕ ಬೇಕು. ಶಿಕ್ಷೆಯ ತೀರ್ಪಿನ ದೃಢೀಕೃತ ಪ್ರತಿ ಲಗತ್ತಿಸಿ, ಅದೇ ನಿಮ್ಮ ದೊಡ್ಡ ಸಾಕ್ಷಿ. ಬೇಲಿ ಜಗಳವನ್ನು ಸುಮ್ನೆ ಸೇರಿಸಬೇಡಿ. ಅದು ಸಿವಿಲ್ ವ್ಯಾಜ್ಯ, ದೂರಿನ ತೂಕ ಕಡಿಮೆಯಾಗುತ್ತದೆ. ಹೊಡೆದಾಟ, ಬೆದರಿಕೆ ನಡೆದು ಅದಕ್ಕೆ ದಾಖಲೆ ಇದ್ದರೆ ಮಾತು ಬೇರೆ.

ದೂರಿನಲ್ಲಿ ಹುರುಳಿದೆ ಅನಿಸಿದರೆ ಪರಿಷತ್ತು ಅದನ್ನು ಶಿಸ್ತು ಸಮಿತಿಗೆ ಕಳಿಸುತ್ತದೆ. ವಕೀಲರ ಮಾತನ್ನೂ ಕೇಳಿ ಸಮಿತಿ ದೂರು ವಜಾ ಮಾಡಬಹುದು, ಛೀಮಾರಿ ಹಾಕಬಹುದು, ಇಂತಿಷ್ಟು ಕಾಲ ಅಮಾನತು ಮಾಡಬಹುದು ಅಥವಾ ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ಒಂದು ವರ್ಷದಲ್ಲಿ ಮುಗಿಯದಿದ್ದರೆ ಪ್ರಕರಣ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಊರಿನ ಹಿರಿಯರು ಕೂತು ರಾಜಿ ಮಾಡಿಸಿದರೂ, ನೀವು ದೂರು ವಾಪಸು ಪಡೆದರೂ, ಆ ಒಂದೇ ಕಾರಣಕ್ಕೆ ವಿಚಾರಣೆ ಕೈಬಿಡುವಂತಿಲ್ಲ. ಕೊಡುವ ಮುಂಚೆ ಇದು ನೆನಪಿರಲಿ.

ನಿಮ್ಮ ಕೇಸು ಅಲ್ಲಿಯವರೆಗೆ ಕಾಯಬೇಕಿಲ್ಲ ಅಲ್ವಾ? ದೂರಿಗಿಂತ ಮೊದಲು ಫೈಲು ವಾಪಸು ಕೇಳಿ, ಬೇರೆ ವಕೀಲರಿಗೆ ವಕಾಲತ್ತು ಕೊಡಿ. ಫೀಸು ಬಾಕಿ ಇದೆ ಎಂದು ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಬಾಯಲ್ಲಿ ಕೇಳಿ ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ, ರಶೀದಿ ಇಟ್ಟುಕೊಳ್ಳಿ. ಆಮೇಲೂ ಕೊಡದಿದ್ದರೆ ದೂರಿಗೆ ಅದನ್ನೂ ಸೇರಿಸಬಹುದು.