ನೀರು ತಿಳಿಯಾಗಿದೆ, ಕಲ್ಲಡಿಯ ಹುಳುಗಳೆಲ್ಲಿ?

ಓದುಗರ ಪತ್ರ: ನಮ್ಮ ಜಮೀನಿನ ಪಕ್ಕದ ತೊರೆಯಲ್ಲಿ ಹಿಂದೆ ಯಾವ ಕಲ್ಲು ಎತ್ತಿದರೂ ಅಡಿಯಲ್ಲಿ ಹುಳುಗಳು ಹರಿದಾಡುತ್ತಿದ್ದವು. ಮೇಲಿನ ಇಳಿಜಾರಿನ ಕಾಡು ಕಡಿದು ಹೊಲ ಮಾಡಿದ ಮೇಲೆ ಅವು ಕಾಣುತ್ತಿಲ್ಲ. ನೀರು ಪರೀಕ್ಷೆ ಮಾಡಿಸಿದೆವು, ದೋಷವಿಲ್ಲವೆಂದು ವರದಿ ಬಂತು. ಹತ್ತಿರ ಕಾರ್ಖಾನೆಯೂ ಇಲ್ಲ. ಕಾರಣವೇನು?

ಸಂಪಾದಕರ ಉತ್ತರ: ನಿಮ್ಮ ವರದಿ ಸುಳ್ಳಲ್ಲ. ಆದರೆ ಅದು ಬಾಟಲಿ ತುಂಬಿದ ಆ ಒಂದು ಗಳಿಗೆಯ ನೀರಿನ ಮಾತು. ಬಿಸಿಲಿದ್ದ ದಿನ ನೀರು ಹಿಡಿದಿರುತ್ತೀರಿ. ಹಾನಿಯಾಗುವುದು ಜೋರು ಮಳೆಯ ಮೊದಲ ಗಂಟೆಗಳಲ್ಲಿ. ಕಲ್ಲಡಿಯ ಹುಳುವಾದರೋ ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಕ್ಕೂ ಹೆಚ್ಚು, ಅಲ್ಲೇ ಬಾಳುತ್ತದೆ. ಅದು ಕಾಣೆಯಾದರೆ ನಾವು ನಂಬುವುದು ಅದನ್ನೇ.

ಮೊದಲ ಅನುಮಾನ ಹೂಳಿನ ಮೇಲೆ. ನೀರು ಚುರುಕಾಗಿ ಹರಿಯುವ ಕಡೆ ಅಂಗೈಯಗಲದ ಕಲ್ಲೊಂದನ್ನು ಎತ್ತಿ ನೋಡಿ. ಸಲೀಸಾಗಿ ಬಂದರೆ ಒಳ್ಳೆಯದು. ಕಿತ್ತು ತೆಗೆಯಬೇಕಾಗಿ ಬಂದು, ಗುಂಡಿಯಿಂದ ಕೆಸರಿನ ಹೊಗೆಯೆದ್ದು, ಕಲ್ಲಿನ ಅರ್ಧಕ್ಕೂ ಮೇಲೆ ಮಣ್ಣಿನ ಗೆರೆ ಕಂಡರೆ ರೋಗ ಸಿಕ್ಕಿತು. ಆ ಹುಳುಗಳ ಮನೆಯೇ ಕಲ್ಲುಗಳ ನಡುವಿನ ಸಂದು. ಅವುಗಳಲ್ಲೊಂದಾದ, ಮೇಫ್ಲೈ ಎಂಬ ಹಾರುವ ಕೀಟದ ಮರಿಯ ಹೊಟ್ಟೆಯ ಎರಡೂ ಬದಿಗೆ ಪುಟ್ಟ ಎಲೆಗಳಂಥ ಕಿವಿರುಗಳಿರುತ್ತವೆ. ನುಣ್ಣನೆಯ ಮಣ್ಣು ಅವನ್ನು ಮುಚ್ಚಿದರೆ ಉಸಿರು ಕಟ್ಟುತ್ತದೆ. ಬಲೆ ನೇಯ್ದು ಆಹಾರ ಸೋಸುವ ಕ್ಯಾಡಿಸ್‌ಫ್ಲೈ ಎಂಬ ಇನ್ನೊಂದು ಹಾರುವ ಕೀಟದ ಮರಿಯ ಬಲೆಯೂ ಅದೇ ಮಣ್ಣಿನಿಂದ ಕಟ್ಟಿಕೊಳ್ಳುತ್ತದೆ.

ಎರಡನೆಯದು ನೆರಳು. ಮರ ಹೋದರೆ ನೀರು ಕಾಯುತ್ತದೆ. ಸಮುದ್ರಮಟ್ಟದ ಒತ್ತಡದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಬಿಸಿ ಏರಿದಂತೆ ಹುಳುವಿಗೆ ಬೇಕಾದ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಜೊತೆಗೆ ಉದುರೆಲೆಯೂ ನಿಂತಿತು. ಶಿಲೀಂಧ್ರ ಹತ್ತಿ ಮೆತ್ತಗಾದ ಎಲೆಯನ್ನೇ ಹರಿದು ತಿನ್ನುವ ಹುಳುಗಳಿಗೆ ಊಟವಿಲ್ಲ. ಅದರ ಜಾಗದಲ್ಲಿ ಬಿಸಿಲು ಮತ್ತು ಹೊಲದ ಗೊಬ್ಬರ ಸೇರಿ ಪಾಚಿ ಬೆಳೆಸುತ್ತವೆ. ಕೀಟನಾಶಕವನ್ನೂ ಮರೆಯಬೇಡಿ: ಪೈರೆಥ್ರಾಯ್ಡ್ ಗುಂಪಿನವು ಮಣ್ಣಿನ ಕಣಕ್ಕೆ ಅಂಟಿ ತಳ ಸೇರುತ್ತವೆ, ನೀರನ್ನಷ್ಟೇ ಪರೀಕ್ಷಿಸಿದರೆ ತಪ್ಪಿಸಿಕೊಳ್ಳುತ್ತವೆ.

ಖಚಿತಪಡಿಸಿಕೊಳ್ಳಲು ಅರ್ಧ ಮಿಲಿಮೀಟರ್ ಕಣ್ಣಿನ ಬಲೆಯನ್ನು ತಳಕ್ಕೆ ಒತ್ತಿ ಹಿಡಿದು, ಅದರ ಮೇಲ್ಹರಿವಿನಲ್ಲಿ ನಿಂತು ಮೂರು ನಿಮಿಷ ಕಾಲಿನಿಂದ ಕಲ್ಲುಗಳನ್ನು ಕದಡಿ. ಸಿಕ್ಕಿದ್ದನ್ನು ಬೆರಳೆತ್ತರ ನೀರಿರುವ ಬಿಳಿ ತಟ್ಟೆಗೆ ಸುರಿದು ಎಣಿಸಿ. ಸಾಮಾನ್ಯವಾಗಿ ಮೂರು ಬಾಲದ್ದು ಮೇಫ್ಲೈ, ಎರಡೇ ಬಾಲ ಮತ್ತು ಪ್ರತಿ ಕಾಲಿಗೆ ಎರಡು ಉಗುರಿದ್ದರೆ ಸ್ಟೋನ್‌ಫ್ಲೈ ಎಂಬ ಕೀಟದ ಮರಿ, ಮರಳಿನ ಇಲ್ಲವೆ ಕಡ್ಡಿಯ ಗೂಡು ಹೊತ್ತದ್ದು ಕ್ಯಾಡಿಸ್. ಕೆಂಪು ಎರೆಯಂಥವು, ಕೆಂಪು ಸೊಳ್ಳೆಮರಿಯಂಥವು ಮಾತ್ರ ತುಂಬಿದ್ದರೆ ತೊರೆಗೆ ಉಸಿರು ಸಾಲದು. ಇದನ್ನೇ ಕಾಡು ಉಳಿದಿರುವ ಮೇಲಿನ ಭಾಗದಲ್ಲೂ ಮಾಡಿ. ಹೋಲಿಕೆ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ: ಒಂದು ಕಡೆ ಮಡುವಿನಲ್ಲಿ, ಇನ್ನೊಂದು ಕಡೆ ಕಲ್ಲುಹರಿವಿನಲ್ಲಿ ಬಲೆ ಹಾಕುತ್ತಾರೆ, ಅಥವಾ ಪ್ರವಾಹ ಇಳಿದ ಮರುದಿನವೇ ಇಳಿಯುತ್ತಾರೆ. ಎರಡು ಮೂರು ವಾರ ಕಾಯಿರಿ.

ಪರಿಹಾರವೆಂದರೆ ದಂಡೆಯ ಎರಡೂ ಕಡೆ ಉಳುಮೆ ಬಿಟ್ಟು ಸ್ಥಳೀಯ ಮರ, ಪೊದೆ, ಹುಲ್ಲು ಬೆಳೆಸುವುದು. ಈ ಹಸಿರುಪಟ್ಟಿಯ ಅಗಲ ಹತ್ತು ಮೀಟರಿಗಿಂತ ಕಡಿಮೆ ಬೇಡ. ಕಡಿದಾದ ಇಳಿಜಾರಿಗೆ ಮೂವತ್ತು ಬೇಕು. ಪಟ್ಟಿ ಬೆಳೆಸಿದ ಮೇಲೂ ಹೂಳು ಬರುತ್ತಿದ್ದರೆ ಬಸಿಗಾಲುವೆ ನೋಡಿ: ಹೊಲದ ನೀರು ಅದರಲ್ಲಿ ಹಾದು ಹಸಿರುಪಟ್ಟಿಯನ್ನು ಮುಟ್ಟದೆಯೇ ತೊರೆಗೆ ಬೀಳುತ್ತಿರುತ್ತದೆ. ನೀರು ಹುಲ್ಲಿನ ಮೇಲೆ ಹರಡುವಂತೆ ಕಾಲುವೆಯ ಬಾಯನ್ನು ತಿರುಗಿಸಿ. ದನಕರುಗಳಿಗೆ ನೀರನ್ನು ದಂಡೆಯಾಚೆಯೇ ಕೊಡಿ. ತೊರೆಗೆ ಬಿದ್ದ ಕೊಂಬೆ, ಎಲೆಗಳನ್ನು ಕಸವೆಂದು ಎತ್ತಬೇಡಿ.

ನೆರಳು ಕೂಡಲು ಹಲವು ವರ್ಷ ಹಿಡಿಯುತ್ತದೆ. ಹೂಳಿನ ಮೂಲ ನಿಂತರೆ ತಳವನ್ನು ಪ್ರವಾಹಗಳೇ ತೊಳೆಯುತ್ತವೆ. ಮೇಲ್ಹರಿವಿನ ಕಾಡುಭಾಗದಿಂದ ತೇಲಿ, ಹಾರಿ ಹುಳುಗಳು ಬರಬೇಕು. ಆದ್ದರಿಂದ ಆ ತುಂಡನ್ನು ಹೇಗಾದರೂ ಉಳಿಸಿಕೊಳ್ಳಿ. ಸಣ್ಣ ಮೇಫ್ಲೈಗಳು ಬೇಗ ಮರಳುತ್ತವೆ, ಸ್ಟೋನ್‌ಫ್ಲೈ ತಡವಾಗಿ.